ಹಡಗಿಗೆ ಒಂದು ಕೈ, ಮನೆಗೆ ಒಂದು ಕೈ

ಈಚೆಗೆ ನನಗೊಂದು ಚಾಳಿ ಹತ್ತಿಕೊಂಡಿದೆ. ಯಾರಾದರೂ ಕೈ ಎತ್ತಿದರೆ ಸಾಕು, ಅದು ಯಾವ ಅಕ್ಷರ ಎಂದು ಓದಲು ತೊಡಗುತ್ತೇನೆ. ಸೊರಬದ ಬಸ್‌ಸ್ಟ್ಯಾಂಡಿನಲ್ಲಿ ಎರಡೂ ತೋಳನ್ನು ಓರೆಯಾಗಿ ಮೇಲೆ ಚಾಚಿ ಮೈಮುರಿಯುವವನು ನನ್ನ ಪಾಲಿಗೆ ‘ಯು’. ಎದುರುಮನೆಯಾಕೆ ಒದ್ದೆ ಸೀರೆಯ ಎರಡು ತುದಿ ಹಿಡಿದು ಅಗಲಿಸಿದರೆ ‘ಆರ್’. ಮೊನ್ನೆ ತರಗತಿಯಲ್ಲಿ ಹುಡುಗಿಯೊಬ್ಬಳು ಏನೋ ಕೇಳಲು ನೆಟ್ಟಗೆ ಒಂದು ಕೈ ಎತ್ತಿದಳು. ನಾನು ಪಾಠ ನಿಲ್ಲಿಸಿ “ಡಿ” ಎಂದೆ. “ಇಲ್ಲ ಮೇಡಂ, ನನ್ನ ಹೆಸರು ಸುಮಾ,” ಅಂದಳು. ಇಡೀ ತರಗತಿ ನಕ್ಕಿತು. ನೀವೂ ನಗಬಹುದು. ಆದರೆ ನನಗೆ ರಸ್ತೆಯಲ್ಲಿ ನೆಮ್ಮದಿಯಾಗಿ ನಡೆಯಲು ಆಗುತ್ತಿಲ್ಲ. ಊರಿಗೆ ಊರೇ ಏನೋ ಹೇಳುತ್ತಿದೆ, ನಾನು ಮಾತ್ರ ತಪ್ಪು ಓದುತ್ತಿದ್ದೇನೆ ಅನ್ನಿಸುತ್ತದೆ.

ಇದಕ್ಕೆ ಕಾರಣ ನನ್ನ ಸೋದರಮಾವ ಮಾಲತೇಶಪ್ಪ. ಇಪ್ಪತ್ತೆಂಟು ವರ್ಷ ನೌಕಾಪಡೆಯಲ್ಲಿದ್ದು ಬಂದವರು. ಅಲ್ಲಿ ಅವರದು ಸಿಗ್ನಲ್ ಕೆಲಸ. ಎರಡು ಕೈಯಲ್ಲಿ ಎರಡು ಬಾವುಟ ಹಿಡಿದು, ತೋಳುಗಳನ್ನು ಗಡಿಯಾರದ ಮುಳ್ಳಿನಂತೆ ಬೇರೆಬೇರೆ ಕಡೆ ನಿಲ್ಲಿಸಿ, ಒಂದು ಹಡಗಿನಿಂದ ಇನ್ನೊಂದಕ್ಕೆ ಒಂದೊಂದೇ ಇಂಗ್ಲಿಷ್ ಅಕ್ಷರವಾಗಿ ಮಾತು ಕಳಿಸುವುದು. ನಿವೃತ್ತರಾದ ಮೇಲೆ ಶಿಕಾರಿಪುರ ತಾಲೂಕಿನ ತಮ್ಮ ಊರಿಗೇ ಬಂದರು. ಅಂಜನಾಪುರ ಜಲಾಶಯದ ನೀರು ಹರಿಯುವ ನಾಲೆಯ ಈಚೆ ದಡದಲ್ಲಿ ಮನೆ, ಆಚೆ ದಡದಲ್ಲಿ ಹೊಲ. ಗೋವಿನಜೋಳ ಬಿತ್ತಿದರು, ಕುರಿ ಕಟ್ಟಿದರು. ಸಮುದ್ರ ನೋಡಿ ಬಂದವರ ಯಾವ ಗತ್ತೂ ಅವರಲ್ಲಿರಲಿಲ್ಲ. ಚಿಕ್ಕವಳಿದ್ದಾಗ ನಾನು ಕಾಡಿ ಕೇಳುತ್ತಿದ್ದೆ: “ಸಮುದ್ರ ಹೆಂಗಿತ್ತು ಮಾವ?”

“ಒದ್ದಿ ಇತ್ತು,” ಅನ್ನುತ್ತಿದ್ದರು.

ರಜೆಯಲ್ಲಿ ಅವರು ಬಿಳಿ ಸಮವಸ್ತ್ರದಲ್ಲಿ ಬಸ್ಸಿಳಿಯುತ್ತಿದ್ದುದು ನನಗೆ ನೆನಪಿದೆ. ಅಥವಾ ನೆನಪಿದೆ ಎಂದು ಅಮ್ಮ ಹೇಳಿ ಹೇಳಿ ನೆನಪಾಗಿದೆ. ನಮ್ಮ ಕಡೆ ಅಷ್ಟು ಬಿಳಿ ಬಟ್ಟೆ ಹಾಕುತ್ತಿದ್ದವರು ಆಸ್ಪತ್ರೆಯ ಕಾಂಪೌಂಡರು ಒಬ್ಬರೇ. ಹಾಗಾಗಿ ಮಾವ ಮೊದಲ ಸಲ ಊರಿಗೆ ಬಂದಾಗ ಓಣಿಯ ಮುದುಕಿಯೊಬ್ಬಳು ತೋಳು ಮುಂದೆ ಮಾಡಿ “ನನಗೂ ಒಂದು ಸೂಜಿ ಮಾಡಪ್ಪ” ಎಂದು ಕೂತಳಂತೆ. ಆ ಬಟ್ಟೆಯನ್ನು ಹಾಲಮ್ಮತ್ತೆ, ಅಂದರೆ ಮಾವನ ಹೆಂಡತಿ, ನೀಲಿ ಅದ್ದಿ ಬೇಲಿಯ ಮೇಲೆ ಒಣಹಾಕುತ್ತಿದ್ದರು. ಕುರಿಗಳು ಅದನ್ನು ಕಂಡು ದಾರಿ ಬದಲಿಸುತ್ತಿದ್ದವು ಎಂದು ನನ್ನ ಏಳನೇ ಕ್ಲಾಸಿನ ದಿನಚರಿಯಲ್ಲಿ ಬರೆದಿದ್ದೇನೆ. ಕುರಿಗಳು ಅಷ್ಟು ಸೂಕ್ಷ್ಮ ಪ್ರಾಣಿಗಳೇ? ನನಗೆ ಈಗ ಅನುಮಾನ.

ದಿನಚರಿಯ ವಿಷಯ ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ನಾನು ಸೊರಬದ ಕಾಲೇಜಿನಲ್ಲಿ ಇತಿಹಾಸ ಹೇಳುವವಳು. ಯಾರೋ ಬರೆದಿಟ್ಟ ಮಾತ್ರಕ್ಕೆ ನಂಬಬೇಡಿ ಎಂದು ವರ್ಷಕ್ಕೆ ಅರವತ್ತು ಮಕ್ಕಳಿಗೆ ಪಾಠ ಮಾಡುತ್ತೇನೆ. ಮನೆಗೆ ಬಂದು ನಾನೇ ಬರೆದಿಡುತ್ತೇನೆ. ಮಾವ ಹೇಳಿದ ಒಂದು ಬಿರುಗಾಳಿಯ ಕತೆ ನನ್ನ ದಿನಚರಿಗಳಲ್ಲಿ ಮೂರು ಕಡೆ ಇದೆ. ಹೈಸ್ಕೂಲಿನಲ್ಲಿ ಬರೆದಾಗ ಅಲೆ ನಮ್ಮ ಮಾಳಿಗೆಯಷ್ಟು ಎತ್ತರ. ಬಿ.ಎ. ಓದುವಾಗ ಅದು ದೇವಸ್ಥಾನದ ಗೋಪುರದಷ್ಟಾಯಿತು. ಕೆಲಸಕ್ಕೆ ಸೇರಿದ ವರ್ಷದ ನೋಟ್‌ಬುಕ್ಕಿನಲ್ಲಿ, “ಅವತ್ತು ಕಡಲು ಕೆರಿಯಂಗಿತ್ತು, ಗಾಳಿ ಬರ್ತತಿ ಅಂತ ನಮಗ ಹೇಳಿದ್ರು, ಬರಲೇ ಇಲ್ಲ” ಎಂದು ಮಾವನ ಬಾಯಲ್ಲಿ ಬರೆದಿದ್ದೇನೆ. ಅಲೆಯನ್ನು ಬೆಳೆಸಿದವರು ಮಾವನೋ ನಾನೋ? ಈ ಪ್ರಶ್ನೆಗೆ ಹೆದರಿಯೇ, ಒಂದು ದಿನ ಕೂತು ಎಲ್ಲವನ್ನೂ ಅವರ ಧ್ವನಿಯಲ್ಲೇ ಹಿಡಿದಿಡಬೇಕು ಎಂದುಕೊಂಡೆ. ಅಂದುಕೊಳ್ಳುವುದರಲ್ಲೇ ಹತ್ತು ವರ್ಷ ಕಳೆಯಿತು.

ನಾನು ಮಾಡಿದ ಧ್ವನಿಮುದ್ರಣ ಒಟ್ಟು ಮೂರು. ಒಂದರಲ್ಲಿ ಪಂಪ್‌ಸೆಟ್ಟಿನ ಸದ್ದಿದೆ. ಇನ್ನೊಂದರಲ್ಲಿ ಪೂರ್ತಿ ನಾನೇ ಮಾತಾಡುತ್ತಿದ್ದೇನೆ. ಮೂರನೆಯದರಲ್ಲಿ ಮಾವ “ಇದು ಚಾಲೂ ಐತೇನೆ ಗಿರ್ಜಿ?” ಎಂದು ಕೇಳುತ್ತಾರೆ. ಅಲ್ಲಿಗೆ ಮುಗಿಯುತ್ತದೆ.

ಈ ಮುಂಗಾರಿನ ಮೊದಲಲ್ಲಿ ಮಾವನಿಗೆ ಲಕ್ವ ಹೊಡೆಯಿತು. ಜೀವ ಉಳಿಯಿತು, ಕಾಲೂ ನಿಧಾನಕ್ಕೆ ಬಂತು. ಆದರೆ ನಾಲಿಗೆ ಹೊರಳದು. ಬೆರಳಲ್ಲಿ ಪೆನ್ನು ನಿಲ್ಲದು. ತೋಳುಗಳು ಮಾತ್ರ ಮೊದಲಿನ ಹಾಗೇ ಏಳುತ್ತವೆ. ತಿಳಿವಳಿಕೆ ಎಷ್ಟು ಉಳಿದಿದೆ ಎಂದು ಈಗಲೇ ಹೇಳುವುದು ಕಷ್ಟ ಎಂದರು ಡಾಕ್ಟರು. “ಕೇಳಿದ್ದಕ್ಕೆ ತಲೆ ಆಡಿಸ್ತಾರಾ?” ಎಂದು ವಿಚಾರಿಸಿದರು. ಆಡಿಸುತ್ತಿದ್ದರು. ಆದರೆ ಕಿವಿ ಮಂದವಾದಾಗಿನಿಂದ ಮಾವ ಏನು ಕೇಳಿದರೂ ತಲೆ ಆಡಿಸುತ್ತಲೇ ಬಂದವರು. ಅದನ್ನು ಆಧಾರ ಎಂದು ಒಪ್ಪಲು ನನ್ನೊಳಗಿನ ಇತಿಹಾಸದ ಮೇಷ್ಟರು ಸಿದ್ಧರಿರಲಿಲ್ಲ.

ಅತ್ತೆಗೆ ಮಾತ್ರ ಯಾವ ಅನುಮಾನವೂ ಇರಲಿಲ್ಲ. “ನಿಮ್ಮಾವ ಚೊಲೋ ಅದಾರೆ. ನಿನ್ನೆ ಮಧ್ಯಾಹ್ನನೂ ಕೇಳಿದ್ರು,” ಅಂದರು.

ಏನು ಕೇಳಿದರು ಎಂಬುದನ್ನು ಹೇಳಬೇಕು. ಈ ಮನೆಗೂ ಹೊಲಕ್ಕೂ ನಡುವೆ ಕೂಗಿದರೆ ಕೇಳುವುದಿಲ್ಲ. ನಾಲೆಯ ನೀರಿನ ಸದ್ದು, ಗಾಳಿ, ಮೇಲೆ ಪಂಪ್‌ಸೆಟ್ಟು. ಹಾಗಾಗಿ ಮದುವೆಯಾದ ಹೊಸದರಲ್ಲಿ, ರಜೆಗೆ ಬಂದಾಗ, ಮಾವ ಅತ್ತೆಗೆ ಹತ್ತು ಹನ್ನೆರಡು ಮಾತನ್ನು ಕೈಯಲ್ಲಿ ಕಲಿಸಿದ್ದರು. ಬಾವುಟದ ಬದಲು ಟವೆಲು. ನೀರು, ಕುರಿ, ಮಳೆ, ಬಾ, ಹೀಗೆ. ಅತ್ತೆ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಅವರಿಗೆ ಇವು ಅಕ್ಷರಗಳಲ್ಲ, ಇಡೀ ಇಡೀ ಮಾತುಗಳು. ರಂಗೋಲಿ ಕಲಿತ ಹಾಗೆ ಕಲಿತಿದ್ದರು. ಎಲ್ಲಕ್ಕಿಂತ ಹೆಚ್ಚು ಬಳಕೆಯಾದದ್ದು ಒಂದೇ. ಮಧ್ಯಾಹ್ನ ಬಿಸಿಲು ನೆತ್ತಿಗೆ ಬಂದಾಗ ಮಾವ ಜಗಲಿಯ ಮೇಲೆ ನಿಂತು, ಎರಡೂ ತೋಳನ್ನು ಓರೆಯಾಗಿ ಮೇಲೆತ್ತುತ್ತಿದ್ದರು. ಆಮೇಲೆ ಹಾಗೇ ಓರೆಯಾಗಿ ಕೆಳಗೆ. ಆಮೇಲೆ ಒಂದು ಕೈ ನೆಟ್ಟಗೆ ಆಕಾಶಕ್ಕೆ. ಕೊನೆಗೆ ಎರಡೂ ಕೈ ಅಡ್ಡಕ್ಕೆ ಚಾಚಿ. ಯು, ಎನ್, ಡಿ, ಆರ್. ‘ಉಂಡ್ರ?’ ಕೊನೆಯ ದೀರ್ಘಕ್ಕೆ ಇನ್ನೊಂದು ಅಕ್ಷರ ಬೇಕಿತ್ತು, ಆದರೆ ಹಡಗಿನವರು ಅಕ್ಷರದಲ್ಲಿ ಜಿಪುಣರು. ಆಚೆ ಹೊಲದಲ್ಲಿ ಕುರಿಗಳ ನಡುವೆ ಅತ್ತೆ ಬುತ್ತಿ ಬಿಚ್ಚುವ ಮೊದಲು ಅದೇ ನಾಲ್ಕನ್ನು ತಿರುಗಿ ಕಳಿಸುತ್ತಿದ್ದರು. ಇಷ್ಟೇ. ಇಬ್ಬರೂ ಕೇಳುತ್ತಿದ್ದರು, ಉತ್ತರ ಯಾರೂ ಕೊಡುತ್ತಿರಲಿಲ್ಲ. ನಮ್ಮಲ್ಲಿ ಊಟದ ಪ್ರಶ್ನೆ ಯಾವತ್ತೂ ಉತ್ತರಕ್ಕಾಗಿ ಅಲ್ಲ ತಾನೆ?

ಲಕ್ವ ಹೊಡೆದ ಮೇಲೂ ಇದು ನಿಂತಿರಲಿಲ್ಲ. ಮಾವ ಜಗಲಿಯ ಕುರ್ಚಿಯಲ್ಲಿ ಕೂತು ಕೈ ಎತ್ತುತ್ತಾರೆ ಎಂದು ತಿಳಿದಾಗ ನನಗೆ ಮಿಂಚು ಹೊಡೆದಂತಾಯಿತು. ನಾಲಿಗೆ ಹೋದರೇನು, ಅಕ್ಷರ ಇದೆಯಲ್ಲ! ಇಂಟರ್‌ನೆಟ್ಟಿನಲ್ಲಿ ಈ ಕೈ ಅಕ್ಷರಗಳ ಪಟ್ಟಿ ಸಿಕ್ಕಿತು. ಒಂದು ಹಾಳೆಯಲ್ಲಿ ಚಿಕ್ಕ ಚಿಕ್ಕ ಗೊಂಬೆಗಳು, ಒಂದೊಂದರ ಕೆಳಗೂ ಒಂದೊಂದು ಅಕ್ಷರ. ಮುದ್ರಿಸಿಕೊಂಡು ಭಾನುವಾರ ಹೊರಟೆ. ಪಟ್ಟಿ ಸರಿಯೋ ತಪ್ಪೋ ಎಂದು ಮೊದಲು ಪರೀಕ್ಷಿಸಿದೆ, ಅಷ್ಟು ಜಾಗರೂಕತೆ ನನಗಿದೆ. ಮಾವ ಅತ್ತೆಗೆ ‘ಉಂಡ್ರ’ ಕಳಿಸುವಾಗ ಪಟ್ಟಿ ಹಿಡಿದು ನೋಡಿದೆ. ಯು, ಎನ್, ಡಿ, ಆರ್. ನಾಲ್ಕಕ್ಕೆ ನಾಲ್ಕೂ ಸರಿ! ಆ ಕ್ಷಣದ ನನ್ನ ಹೆಮ್ಮೆಯನ್ನು ಈಗ ನೆನೆಸಿಕೊಂಡರೆ ಕಿವಿ ಬಿಸಿಯಾಗುತ್ತದೆ.

ಆಮೇಲೆ ಫೋನು ಹಿಡಿದು ಮಾವನ ಮುಂದೆ ಕೂತೆ. ಹತ್ತಿರ, ಬಹಳ ಹತ್ತಿರ. ಅವರ ಒಂದು ಉಸಿರೂ ತಪ್ಪಬಾರದು ನೋಡಿ. “ಏನಾರ ಹೇಳು ಮಾವ. ಹಡಗಿಂದು, ಸಮುದ್ರದ್ದು, ಏನಾದ್ರೂ ಸೈ.”

ಮಾವ ನನ್ನನ್ನೇ ನೋಡಿದರು. ಆಮೇಲೆ ಕೈ ಎತ್ತಿದರು. ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. “ಇದು ನನಗೆ ಹೇಳ್ಕೊಟ್ಟಿದ್ದಲ್ಲ. ನೀನು ಓದ್ದಾಕಿ, ನಿನಗೇ ಹೇಳಾಕತ್ಯಾರೆ,” ಅಂದರು. ಅವರ ಮುಖದಲ್ಲೂ ಆಸೆ ಇತ್ತು.

ನಾನು ಒಂದೊಂದೇ ಅಕ್ಷರ ಬರೆದುಕೊಂಡೆ. ಡಿ, ಯು, ಆರ್, ಜಿ. ದುರ್ಗ್. ಆಮೇಲೆ ಎನ್, ಎಕ್ಸ್. ಆಮೇಲೆ ಒಂದು ತೋಳು ಓರೆಯಾಗಿ ಮೇಲೆ, ಇನ್ನೊಂದು ಅದೇ ಗೆರೆಯಲ್ಲಿ ಓರೆಯಾಗಿ ಕೆಳಗೆ. ಪಟ್ಟಿಯಲ್ಲಿ ಹುಡುಕಿದೆ. ಅದು ಅಕ್ಷರವೇ ಅಲ್ಲ. ‘ಹೇಳಿದ್ದನ್ನು ಅಳಿಸು’ ಎಂಬ ಗುರುತು. ಅದನ್ನು ಎರಡು ಸಲ ಮಾಡಿದರು. ಕೊನೆಗೊಂದು ಯು. ಇಡೀ ಸಂದೇಶವನ್ನು ಮತ್ತೆ ಮತ್ತೆ ಕಳಿಸಿದರು. ದುರ್ಗ್. ಅಳಿಸು, ಅಳಿಸು.

ಇಲ್ಲಿ ಬುದ್ಧಿ ಇದ್ದವರು ಸುಮ್ಮನಿರುತ್ತಿದ್ದರು. ನಾನು ತಲೆ ಎತ್ತಿ ಕೇಳಿದೆ: “ಅತ್ತೆ, ದುರ್ಗ ಅಂದ್ರೆ ಯಾರು?”

“ಯಾವ ದುರ್ಗ?”

“ಮಾವ ದುರ್ಗ ಅಂತ ಹೇಳಿ, ಆಮೇಲೆ ಅಳಿಸು ಅಂತಾರೆ. ಎರಡೆರಡು ಸಲ.”

“ಚಿತ್ರದುರ್ಗಕ್ಕೆ ನಾವು ಹೋಗಿಲ್ಲ,” ಅಂದರು ಅತ್ತೆ. ಬಾಗಿಲ ಚೌಕಟ್ಟು ಹಿಡಿದುಕೊಂಡರು. “ಹೆಣ್ಮಗಳ ಹೆಸ್ರೂ ಆಕತಿ ಅಲ್ಲೇನು?”

ಮಾವ ಇನ್ನೂ ಕೈ ಎತ್ತುತ್ತಲೇ ಇದ್ದರು. ದುರ್ಗ್, ದುರ್ಗ್.

“ಇಪ್ಪತ್ತೆಂಟು ವರ್ಷ. ವರ್ಷಕ್ಕೆ ಒಂದು ತಿಂಗ್ಳು ಇಲ್ಲಿ, ಹನ್ನೊಂದು ತಿಂಗ್ಳು ಎಲ್ಲೋ. ಒಂದಿನಾನೂ ನಾನು ಕೇಳಿಲ್ಲ ಗಿರ್ಜಿ. ಈಗ ಅವನ ಕೈಯೇ ಹೇಳಾಕತ್ತೈತಿ. ಹೇಳ್ತಾನೆ, ಅಳಿಸ್ತಾನೆ. ಅಳಿಸೋ ಅಂಥದ್ದು ಏನ್ ಮಾಡ್ಯಾನೆ?”

ಅತ್ತೆ ಮಾವನನ್ನು ಏಕವಚನದಲ್ಲಿ ಆಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅವರು ಒಳಗೆ ಹೋದರು. ಮಾವ ನನ್ನತ್ತ ನೋಡಿ ತಲೆ ಆಡಿಸಿದರು.

ಮುಂದಿನ ಭಾನುವಾರದ ತನಕ ನಾನು ಹೇಗಿದ್ದೆ ಎಂದು ಕೇಳಬೇಡಿ. ಕಾಲೇಜಿನಲ್ಲಿ ಹಾಜರಿ ಕರೆಯುವಾಗ ಇದ್ದವರನ್ನು ಬಿಟ್ಟು ಇಲ್ಲದವರ ಹೆಸರು ಕರೆದೆ. ದಿನಚರಿಯಲ್ಲಿ ‘ದುರ್ಗ ಯಾರು?’ ಎಂದು ಬರೆದು ಹೊಡೆದುಹಾಕಿದೆ. ಹೊಡೆದುಹಾಕಿದ್ದನ್ನು ನೋಡಿ ಮಾವನ ಅಳಿಸುವ ಗುರುತೇ ನೆನಪಾಗಿ ಪುಟವನ್ನೇ ಹರಿದೆ. ನಿಜ ಹೇಳುತ್ತೇನೆ, ನನ್ನೊಳಗೆ ಒಂದು ಕೆಟ್ಟ ಕುತೂಹಲವೂ ಇತ್ತು. ಒದ್ದೆ ಸಮುದ್ರದ ಮಾವನಿಗೂ ಒಂದು ಕತೆ ಇರಬಹುದಲ್ಲ! ಯಾವುದೋ ಬಂದರು, ಯಾವುದೋ ಹೆಣ್ಣು. ಎರಡು ದಿನದಲ್ಲಿ ಆ ದುರ್ಗೆಗೆ ಸೀರೆಯ ಬಣ್ಣವನ್ನೂ ಕೊಟ್ಟಿದ್ದೆ. ಮಾಳಿಗೆಯ ಅಲೆ ಗೋಪುರವಾದದ್ದು ಹೀಗೇ ಇರಬೇಕು.

ಭಾನುವಾರ ಹೋದಾಗ ಮಧ್ಯಾಹ್ನ ಮಾವ ಜಗಲಿಯಲ್ಲಿದ್ದರು. ಬಿಸಿಲು ನೆತ್ತಿಗೆ ಬಂತು. ಕೈ ಎತ್ತಿದರು. ಯು, ಎನ್, ಡಿ, ಆರ್. ಆಚೆ ದಡದಲ್ಲಿ ಯಾರೂ ಇರಲಿಲ್ಲ. ಗೋವಿನಜೋಳ ಆಳೆತ್ತರ ಬೆಳೆದು ತೆನೆ ಬಿಟ್ಟಿತ್ತು. ಅತ್ತೆ ಕುರಿಗಳನ್ನು ಹೊಡೆದುಕೊಂಡು ಆ ಜೋಳದ ಹಿಂದಕ್ಕೆ ಹೋಗಿದ್ದರು. ದಿನಾ ಅಲ್ಲಿಗೇ ಹೋಗುತ್ತಾರೆ, ವಾರದಿಂದ, ಎಂದರು ಪಕ್ಕದ ಮನೆಯವರು. ಮಾವ ಮತ್ತೊಮ್ಮೆ ಕಳಿಸಿದರು. ಆಮೇಲೆ ಬೇರೆ ಏನೋ ಕಳಿಸಿದರು. ನಾನು ಅದನ್ನೂ ಫೋನಿನಲ್ಲಿ ಹಿಡಿದುಕೊಂಡು, ಪಟ್ಟಿ ನೋಡಿ ಓದಿದೆ: ವಿ, ಯು, ಆರ್, ಎಕ್ಸ್. ಇದು ಯಾವ ಭಾಷೆ? ಔಷಧದ ಅಂಗಡಿಯ ಡಬ್ಬಿಯ ಮೇಲಿನ ಹೆಸರಿನ ಹಾಗಿತ್ತು. ಆಗ ನನಗೆ ಅನ್ನಿಸಿತು: ಮಾವನ ಬುದ್ಧಿ ಹೋಗಿದೆ. ದುರ್ಗೆಯೂ ಇಲ್ಲ, ಯಾರೂ ಇಲ್ಲ. ಅಕ್ಷರಗಳು ಮಾತ್ರ ಉದುರುತ್ತಿವೆ. ಆದರೆ ಇದನ್ನು ಅತ್ತೆಗೆ ಹೇಗೆ ಹೇಳಲಿ? ‘ನಿಮ್ಮ ಗಂಡ ಮೋಸ ಮಾಡಿಲ್ಲ, ಅವರಿಗೆ ಬುದ್ಧಿ ಇಲ್ಲ ಅಷ್ಟೇ’ ಎಂದೇ?

ಬುಧವಾರ ಸಂಜೆ ಸೊರಬದಲ್ಲಿ ಇದನ್ನು ನನ್ನ ಗಂಡನಿಗೆ ಹೇಳಿಕೊಂಡೆ. ಅವರು ಚಂದ್ರಗುತ್ತಿಯ ಕಡೆಯವರು. ಯಾವುದಕ್ಕೂ ಗಡಿಬಿಡಿ ಮಾಡುವವರಲ್ಲ. ಮಂಡಕ್ಕಿ ತಿನ್ನುತ್ತಾ ಕೂತಿದ್ದರು.

“ಎಂತ ಮಾಡ್ತಾರೆ ಅಂತ ಮಾಡಿ ತೋರ್ಸು ಮಾರಾಯ್ತಿ,” ಅಂದರು.

ಪಟ್ಟಿಯನ್ನು ಅವರ ಕೈಗೆ ಕೊಟ್ಟೆ. ಫೋನಿನಲ್ಲಿದ್ದ ಮಾವನನ್ನು ನೋಡುತ್ತಾ, ಅವರು ಮಾಡಿದಂತೆಯೇ ಮಾಡಿದೆ.

“ಕೆ,” ಅಂದರು ನನ್ನ ಗಂಡ. “ಯು. ಆರ್. ಐ. ಕುರಿ ಅಂತ ಬರ್ತದೆ ನೋಡು.”

“ಅಲ್ಲ, ಅದು ವಿ ಯು ಆರ್ ಎಕ್ಸ್.”

“ಎಂತದು ವಿ? ಗೊಂಬೆ ಇಲ್ಲೇ ಅದೆಯಲ. ಕುರಿ.”

“ನಾನು ಮಾವ ಮಾಡಿದ ಹಾಗೇ ಮಾಡಿದ್ದು.”

ಅವರು ಎದ್ದು ಬಂದು ಫೋನು ನೋಡಿದರು, ನನ್ನನ್ನು ನೋಡಿದರು. “ಅವ್ರು ಎಡಗೈ ಎತ್ಯಾರೆ. ನೀನು ಬಲಗೈ ಎತ್ತಿದೀಯ. ಕನ್ನಡಿ ನೋಡ್ದಂಗೆ ಮಾಡ್ತಿದೀಯ.”

ಎದುರಿಗೆ ನಿಂತವರನ್ನು ನೋಡಿ ಕಲಿಯುವವರು ಮಾಡುವ ತಪ್ಪು ಇದು. ಅವರು ಎಡಗೈ ಎತ್ತಿದರೆ ನಮ್ಮ ಬಲಗೈ ಏಳುತ್ತದೆ. ನಾನು ಮಾಡಿದ ಆ ತಪ್ಪು ಮಾವನ ಕೈಯಲ್ಲಿದ್ದ ತಪ್ಪನ್ನು ಮತ್ತೆ ತಿರುಗಿಸಿ ನೆಟ್ಟಗೆ ಮಾಡಿತ್ತು. ಅಂದರೆ ಮಾವ ಕಳಿಸುತ್ತಿದ್ದದ್ದೇ ತಿರುಗುಮುರುಗು. ಹಾಗಾದರೆ ‘ಉಂಡ್ರ’ ಹೇಗೆ ಸರಿ ಬಂತು? ಪಟ್ಟಿ ಕಿತ್ತುಕೊಂಡು ನೋಡಿದೆ. ಎರಡೂ ಕೈ ಮೇಲೆ, ಎರಡೂ ಕೈ ಕೆಳಗೆ, ಒಂದು ನೆಟ್ಟಗೆ, ಎರಡೂ ಅಡ್ಡಕ್ಕೆ. ಆ ನಾಲ್ಕು ಅಕ್ಷರ ಕನ್ನಡಿಯಲ್ಲೂ ಅವೇ! ನನ್ನ ಪರೀಕ್ಷೆಗೆ ನಾನು ಆರಿಸಿಕೊಂಡದ್ದು, ಎಡಬಲ ಇಲ್ಲದ ಒಂದೇ ಒಂದು ಮಾತನ್ನು.

“ಇನ್ನೊಂದು ಓದಿ,” ಎಂದು ಮೊದಲ ಭಾನುವಾರದ ವಿಡಿಯೊ ಹಾಕಿಕೊಂಡು ಕೈ ಎತ್ತಿದೆ.

“ಡಿ, ಯು, ಆರ್, ಎ. ದೂರ. ಎನ್, ಐ... ಸರೀ ಎತ್ತು... ಎಲ್, ಎಲ್, ಯು.” ನನ್ನ ಗಂಡ ಮಂಡಕ್ಕಿ ಕೆಳಗಿಟ್ಟರು. “ದೂರ ನಿಲ್ಲು.”

ಅಳಿಸುವ ಗುರುತು ಎಂದುಕೊಂಡದ್ದು ಎರಡು ‘ಎಲ್’. ಜಿ ಎಂದುಕೊಂಡದ್ದು ‘ಎ’. ದುರ್ಗ ಎಂಬ ಹೆಂಗಸು ಹೋದಳು, ಅವಳ ಸೀರೆಯೂ ಹೋಯಿತು. ಉಳಿದದ್ದು ಒಬ್ಬ ಸಿಗ್ನಲ್‌ನವ, ಮೂಗಿನ ಹತ್ತಿರ ಫೋನು ಹಿಡಿದು ಕೂತ ಸೋದರಸೊಸೆಗೆ ಹೇಳುತ್ತಿದ್ದಾನೆ: ಇದನ್ನು ಹತ್ತಿರದಿಂದ ಓದುವುದಲ್ಲ, ದೂರ ನಿಲ್ಲು. ವಿಡಿಯೊವನ್ನು ಮತ್ತೆ ನೋಡಿದರೆ ಚಾಚಿದ ತೋಳಿನ ತುದಿಗಳು ಚೌಕಟ್ಟಿನ ಆಚೆ ಹೋಗಿದ್ದವು. ಅದೂ ನನಗೆ ಕಂಡಿರಲಿಲ್ಲ.

ರಾತ್ರಿ ಊಟವಾದ ಮೇಲೆ ಹಳೆಯ ದಿನಚರಿಗಳನ್ನು ತೆಗೆದೆ. ಎಲ್ಲೋ ಒಂದ್ಸಲ ಕೈಯ ವಿಷಯ ಬರೆದ ನೆನಪು. ಸಿಕ್ಕಿತು. ಬಿ.ಎ. ಎರಡನೇ ವರ್ಷದ್ದು: ‘ಮಾವ ಇವತ್ತು ಒಂದು ಮಾತು ಹೇಳಿದರು. ಹಡಗಿಗೆ ಒಂದು ಕೈ, ಮನೆಗೆ ಒಂದು ಕೈ. ಎಂಥ ಅರ್ಥವತ್ತಾದ ಮಾತು!’ ಕೆಳಗೆ ಎರಡು ಗೆರೆ ಎಳೆದಿದ್ದೆ. ದೇಶಕ್ಕೂ ಸಂಸಾರಕ್ಕೂ ಸಮನಾಗಿ ದುಡಿಯಬೇಕು ಎಂಬ ತತ್ವ ಅದು ಎಂದು ತಿಳಿದಿದ್ದೆ. ಕಾಲೇಜಿನ ಬೀಳ್ಕೊಡುಗೆ ಸಮಾರಂಭದ ಭಾಷಣದಲ್ಲಿ ಅದನ್ನು ಬಳಸಿ ಚಪ್ಪಾಳೆಯನ್ನೂ ತೆಗೆದುಕೊಂಡಿದ್ದೆ. ಮಾವ ಪಾಪ ತತ್ವ ಹೇಳಿರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದರು. ಹಡಗಿನಲ್ಲಿ ಕೈ ಒಂದು ಥರ, ಮನೆಯಲ್ಲಿ ಇನ್ನೊಂದು ಥರ. ಅತ್ತೆಯೂ ನನ್ನ ಹಾಗೇ ತಿರುಗುಮುರುಗಾಗಿ ಕಲಿತಿರಬೇಕು, ಅದು ಮಾವನಿಗೆ ಮೊದಲಿಂದಲೂ ಗೊತ್ತಿತ್ತು. ತಿದ್ದಲಿಲ್ಲ. ತಾವೇ ತಿರುಗಿಸಿಕೊಂಡರು.

ಬೆಳಿಗ್ಗೆ ರಜೆ ಹಾಕಿ ಮೊದಲ ಬಸ್ಸು ಹಿಡಿದೆ. ಶಿರಾಳಕೊಪ್ಪದಲ್ಲಿ ಬಸ್ಸು ಬದಲಿಸುವಾಗ ಹೊಟ್ಟೆ ಹಸಿದಿತ್ತು, ತಿನ್ನಲು ಮನಸ್ಸಾಗಲಿಲ್ಲ. ತಾಳಗುಂದಕ್ಕೆ ತಿರುಗುವ ದಾರಿ ಕಂಡಿತು. ವರ್ಷವರ್ಷವೂ ಮಕ್ಕಳನ್ನು ಕರೆದುಕೊಂಡು ಅಲ್ಲಿಯ ಶಾಸನ ತೋರಿಸಲು ಹೋಗುತ್ತೇನೆ. ಕಲ್ಲು ಸುಳ್ಳು ಹೇಳುವುದಿಲ್ಲ, ಓದುವವರು ಹೇಳಿಯಾರು ಎಂದು ಪ್ರತಿ ವರ್ಷ ಒಂದೇ ಮಾತು ಹೇಳುತ್ತೇನೆ. ಮಕ್ಕಳು ಬರೆದುಕೊಳ್ಳುತ್ತಾರೆ. ಕಿಟಕಿಯಿಂದ ಮುಖ ತಿರುಗಿಸಿಕೊಂಡೆ.

ಮನೆಯ ಮುಂದೆ ಅತ್ತೆ ಕುರಿ ಬಿಡುತ್ತಿದ್ದರು. ನನ್ನನ್ನು ಕಂಡು “ಇವತ್ತು ಗುರುವಾರ ಅಲ್ಲೇನು?” ಅಂದರು ಅಷ್ಟೇ. ನಾನು ಅಲ್ಲೇ ದೊಡ್ಡಿಯ ಬಾಗಿಲಲ್ಲಿ, ಕುರಿಗಳ ನಡುವೆ ನಿಂತು ಎಲ್ಲವನ್ನೂ ಹೇಳಿದೆ. ಪಟ್ಟಿ ತೋರಿಸಿದೆ. ಕನ್ನಡಿ, ಎಡಗೈ, ಬಲಗೈ. ಅರ್ಥವಾಗಲಿಲ್ಲ. ಕೊನೆಗೆ ಪಟ್ಟಿ ಮಡಚಿಟ್ಟು ಹೇಳಿದೆ: “ದುರ್ಗ ಅಂತ ಯಾರೂ ಇಲ್ಲ ಅತ್ತೆ. ಮಾವ ಹೇಳಿದ್ದು ನನಗೆ. ದೂರ ನಿಲ್ಲು ಅಂತ. ನಾನು ಓದಿದ್ದು ತಪ್ಪು.”

ಅತ್ತೆ ನನ್ನ ಮುಖವನ್ನೇ ನೋಡಿದರು. “ನೀನು ಹದಿನೇಳು ವರ್ಷ ಓದಿದಾಕಿ.”

“ಹೌದು.”

“ಅಳಿಸು ಅಳಿಸು ಅಂತ ಅಂದ್ಯಲ್ಲೇ!”

“ಅದೂ ತಪ್ಪು. ನಿಮ್ಮ ಕೈ ಉಲ್ಟಾ ಅತ್ತೆ. ನೀವು ಉಲ್ಟಾ ಕಲಿತಿದ್ರಿ. ಮಾವ ನಿಮಗೋಸ್ಕರ ಉಲ್ಟಾ ಮಾಡ್ತಾರೆ.”

ಅತ್ತೆ ತಮ್ಮ ಎರಡೂ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು. ಆಮೇಲೆ ನಗು ಬಂತೋ ಸಿಟ್ಟು ಬಂತೋ, ಸೆರಗು ಬಾಯಿಗೆ ಒತ್ತಿಕೊಂಡರು. “ಉಲ್ಟಾ ಆಗ್ದೆ ಏನ್ ಆಕತಿ? ಕಣದಾಗೆ ಆ ಕಡೆ ಅವರು, ಈ ಕಡೆ ನಾನು. ನಡುವೆ ನಮ್ಮತ್ತಿ ಜೋಳ ಕೇರಿಕೊಂತ ಕುಂತಿರ್ತಿದ್ಲು. ಗಂಡನ ಪಕ್ಕದಾಗೆ ನಿಂತ್ಕಂಡು, ಕೈ ಹಿಡ್ಕಂಡು ಕಲಿಯೋ ಕಾಲನೇನೇ ಅದು? ಎದ್ರಿಗೆ ನಿಂತು ಕದ್ದು ನೋಡಿ ಕಲ್ತೆ. ನಮ್ಮತ್ತಿ ಕೇಳ್ತಿದ್ಲು, ‘ಏನ್ ಅದು, ನೊಣ ಹೊಡೀತೀರೇನು ಇಬ್ರೂ’ ಅಂತ.”

ಪಕ್ಕದಲ್ಲಿ ನಿಂತು ಕಲಿತಿದ್ದರೆ ಸರಿಯಾಗಿ ಬರುತ್ತಿತ್ತು. ಒಂದು ಇಡೀ ಸಂಸಾರದ ಮಾತು ತಿರುಗುಮುರುಗಾದದ್ದು ಕಣದಲ್ಲಿ ಕೂತ ಒಬ್ಬ ಅತ್ತೆಯ ಕಣ್ಣಿಗೆ ಹೆದರಿ. ಇದನ್ನು ಯಾವ ಪಟ್ಟಿಯಲ್ಲಿ ಬರೆಯುವುದು? ಮಾವನ ನೆನಪುಗಳನ್ನು ಉಳಿಸುತ್ತೇನೆ ಎಂದು ಹೊರಟವಳು ನಾನು. ಹತ್ತು ದಿನದಲ್ಲಿ ಅವರಿಗೆ ಇಲ್ಲದ ಒಂದು ನೆನಪನ್ನು ಕೊಟ್ಟು, ಇದ್ದ ಒಂದು ಮಾತನ್ನು ನಿಲ್ಲಿಸಿದ್ದೆ.

“ಜೋಳದ ಹಿಂದೆ ಇನ್ನು ಮೇವಿಲ್ಲ,” ಎಂದು ಅತ್ತೆ ಯಾರಿಗೋ ಎಂಬಂತೆ ಹೇಳಿ ಕುರಿಗಳನ್ನು ನಾಲೆಯ ಕಡೆ ತಿರುಗಿಸಿದರು. ಜಗಲಿಯ ಮೇಲಿದ್ದ ಮಾವನ ಮುಂದೆ ಹಾದುಹೋಗುವಾಗ ಒಂದು ಗಳಿಗೆ ನಿಂತರು. ಮಾವನ ಹೆಗಲ ಮೇಲಿನ ಟವೆಲು ಜಾರಿತ್ತು, ಸರಿಮಾಡಿದರು. ಆಮೇಲೆ ನನ್ನನ್ನು ಕರೆದರು: “ನೀನೂ ಬಾ. ದೂರ ನಿಲ್ಲು ಅಂತ ಹೇಳಿದ್ದು ನಿನಗಲ್ಲೇನು?”

ಫೋನನ್ನು ಜಗಲಿಯ ಮೇಲೇ ಇಟ್ಟು ಅವರ ಹಿಂದೆ ಹೋದೆ. ನಾಲೆ ದಾಟಿ, ಜೋಳದ ಪಕ್ಕದ ಬದುವಿನ ಮೇಲೆ ಹತ್ತಿ ನಿಂತೆವು. ಮಧ್ಯಾಹ್ನದ ತನಕ ನಾನು ಕುರಿ ನೋಡಿದೆ, ಬದು ನೋಡಿದೆ, ನಿಂತಲ್ಲಿ ನಿಲ್ಲಲಾರದೆ ಅತ್ತ ಇತ್ತ ತಿರುಗಿದೆ. ಒಂದು ವೇಳೆ ಇವತ್ತು ಅವರು ಕೈ ಎತ್ತದಿದ್ದರೆ? ಹತ್ತು ದಿನ ಉತ್ತರ ಸಿಗದವರು ಹನ್ನೊಂದನೆಯ ದಿನ ಯಾಕೆ ಕೇಳಬೇಕು?

ಬಿಸಿಲು ನೆತ್ತಿಗೆ ಬಂತು. ಆಚೆ ಜಗಲಿಯಲ್ಲಿ ಒಂದು ಹೆಬ್ಬೆರಳಿನಷ್ಟು ಮನುಷ್ಯ ಕುರ್ಚಿಯಿಂದ ಎದ್ದ. ಗೋಡೆಗೆ ಬೆನ್ನು ಕೊಟ್ಟು ನಿಂತ. ಎರಡೂ ಕೈ ಓರೆಯಾಗಿ ಮೇಲೆ. ಓರೆಯಾಗಿ ಕೆಳಗೆ. ಒಂದು ನೆಟ್ಟಗೆ. ಎರಡೂ ಅಡ್ಡಕ್ಕೆ. ಅಷ್ಟು ದೂರದಿಂದ ಎಷ್ಟು ಸ್ಪಷ್ಟವಾಗಿ ಕಾಣುತ್ತಿತ್ತು ಎಂದರೆ, ಪಟ್ಟಿ ಬೇಕಾಗಲಿಲ್ಲ.

ಅತ್ತೆ ಟವೆಲು ತೆಗೆದುಕೊಂಡರು. ತಿರುಗಿ ಕಳಿಸಿದರು. ಮಾವನ ಕೈ ಇಳಿಯಿತು. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಎದ್ದಿತು. ಅದೇ ನಾಲ್ಕು.

“ಮತ್ತೆ ಯಾಕೆ?” ಅಂದೆ.

“ಇದು ನಿನಗೆ.”

ನಾನು ಬೆಳಗಿನಿಂದ ಏನೂ ತಿಂದಿರಲಿಲ್ಲ. ‘ಇಲ್ಲ’ ಎಂದು ಹೇಳಬೇಕಿತ್ತು. ಹಡಗಿನ ಕೈಯಲ್ಲಿ ಹೇಳಲೇ, ಮನೆಯ ಕೈಯಲ್ಲಿ ಹೇಳಲೇ? ಮನೆಯ ಕೈಯಲ್ಲಾದರೆ ಅದರಲ್ಲಿ ಎರಡು ‘ಎಲ್’ ಬರುತ್ತವೆ, ಮತ್ತೆ ಎರಡು ಅಳಿಸುವ ಗುರುತು. ತೋಳು ಅರ್ಧಕ್ಕೆ ಎತ್ತಿ ನಿಂತೆ. ಆಚೆ ಮಾವ ಕೊನೆಯ ಅಕ್ಷರವನ್ನು ಇಳಿಸದೆ, ಎರಡೂ ಕೈ ಅಗಲಕ್ಕೆ ಚಾಚಿಕೊಂಡೇ ಕಾಯುತ್ತಿದ್ದರು.

“ಎಷ್ಟೊತ್ತು ಯೋಚ್ನಿ ಮಾಡ್ತೀಯೇ? ರೊಟ್ಟಿ ಆರ್ತಾವೆ,” ಅಂದರು ಅತ್ತೆ.

ಎಡಬಲ ಇಲ್ಲದ ಮಾತು ನನಗೆ ಗೊತ್ತಿದ್ದದ್ದು ಒಂದೇ. ಅದನ್ನೇ ಕಳಿಸಿದೆ. ಮೇಲೆ, ಕೆಳಗೆ, ನೆಟ್ಟಗೆ, ಅಡ್ಡಕ್ಕೆ.

ಜಗಲಿಯ ಮೇಲಿನ ಕೈಗಳು ನಿಧಾನವಾಗಿ ಇಳಿದವು. ಅಷ್ಟು ದೂರದಿಂದ ನನಗೆ ಮುಖ ಕಾಣಲಿಲ್ಲ. ಅತ್ತೆ ಹುಬ್ಬಿನ ಮೇಲೆ ಕೈ ಅಡ್ಡ ಹಿಡಿದು ನೋಡಿದರು.

“ನಗಾಕತ್ಯಾರೆ,” ಅಂದರು.